ಅಂಗಡಿ ಯಾರ ಕೈಗೆ ಹೋಗುತ್ತೆ?

ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಒಂದು ಅಂಗಡಿಯ ಷಟರ್ ನಾಲ್ಕು ದಿನ ಮೇಲೇಳದಿದ್ದರೆ ಸಾಕು, ಅಕ್ಕಪಕ್ಕದವರು ಅದಕ್ಕೆ ಹೊಸ ಯಜಮಾನರನ್ನು ನೇಮಿಸಿಬಿಡುತ್ತಾರೆ. ಪಕ್ಕದ ಚಪ್ಪಲಿ ಅಂಗಡಿಯವರು ಗೋಡೆ ಒಡೆದು ಸೇರಿಸಿಕೊಳ್ಳುತ್ತಾರಂತೆ. ಮುಂಬೈಯ ಯಾವುದೋ ಬ್ರ್ಯಾಂಡಿನವರು ಟೇಪು ಹಿಡಿದು ಅಳತೆ ತೆಗೆದುಕೊಂಡು ಹೋದರಂತೆ. ಅದೆಲ್ಲ ಸುಳ್ಳು, ಅಣ್ಣತಮ್ಮಂದಿರ ವ್ಯಾಜ್ಯ ಮುಗಿಯದೆ ಯಾರಿಗೂ ಸಿಗುವುದಿಲ್ಲವಂತೆ. ಇಬ್ರಾಹಿಂ ಸಾಹೇಬ್ ಸ್ಟ್ರೀಟಿನ ಲೈನಿಂಗ್ ಬಟ್ಟೆ, ಗುಂಡಿ, ಲೇಸಿನ ಅಂಗಡಿಗಳಿಂದ ಜ್ಯುವೆಲರ್ಸ್ ಸ್ಟ್ರೀಟಿನ ತನಕ ಈ ಸುದ್ದಿ ದಖನಿಯಲ್ಲಿ, ತಮಿಳಿನಲ್ಲಿ, ಕನ್ನಡದಲ್ಲಿ, ಹಿಂದಿಯಲ್ಲಿ ಓಡಾಡುತ್ತದೆ. ಭಾಷೆ ಬದಲಾದಂತೆ ಬೆಲೆಯೂ ಏರುತ್ತದೆ.

ಇಂಥ ಊಹೆಗಳ ನಡುವೆ ಹಳೆಯ ದಲ್ಲಾಳಿ ಮಾತ್ರ ಬೇರೆಯೇ ಲೆಕ್ಕ ಹಾಕುತ್ತಿರುತ್ತಾನೆ. ಯಾರಿಗೆ ಆಸೆ ಇದೆ ಎಂದು ಅವನು ಕೇಳುವುದಿಲ್ಲ. ಒಳ್ಳೆಯ ಜಾಗದ ಮೇಲೆ ಎಲ್ಲರಿಗೂ ಆಸೆ ಇದ್ದೇ ಇರುತ್ತದೆ. ಕರಾರು ಪತ್ರ ಯಾರ ಹೆಸರಿನಲ್ಲಿದೆ? ಸಾಲ ಕೊಟ್ಟವರು ಯಾರು, ಅವರಿಗೆ ಎಷ್ಟು ಅವಸರ? ಕೊಳ್ಳುವವನಿಗೆ ಇದು ಬೇಕೇಬೇಕೋ ಅಥವಾ ಇದ್ದರೆ ಚೆನ್ನ ಎನ್ನುವಷ್ಟೋ? ಗೋಡೆ ಒಡೆಯಲು ಕಾರ್ಪೊರೇಷನ್ನಿನವರು ಬಿಡುತ್ತಾರೋ? ಇಷ್ಟು ತಿಳಿದರೆ ಹೆಸರು ತಾನಾಗಿ ಹೊರಬೀಳುತ್ತದೆ.

ಈ ರಸ್ತೆಯಿಂದ ಹಲಸೂರು ದಾಟಿ ಇಂದಿರಾನಗರದ 100 ಅಡಿ ರಸ್ತೆಗೆ ಹೋದರೆ, ಅಲ್ಲಿನ ಕಾಫಿ ಅಂಗಡಿಗಳಲ್ಲೂ ಹದಿನೈದಿಪ್ಪತ್ತು ವರ್ಷಗಳಿಂದ ಇದೇ ಮಾತು. ವಸ್ತು ಮಾತ್ರ ಬೇರೆ, ಷಟರಿಲ್ಲದ ಅಂಗಡಿಗಳು. ಫ್ಲಿಪ್‌ಕಾರ್ಟನ್ನು ಯಾರು ಕೊಳ್ಳುತ್ತಾರೆ, ರೆಡ್‌ಬಸ್ ಯಾರಿಗೆ, ಬಿಗ್‌ಬ್ಯಾಸ್ಕೆಟ್ ಯಾರ ಪಾಲು. ದಿನಪತ್ರಿಕೆಗಳ ವಾಣಿಜ್ಯ ಪುಟಗಳು ಎಷ್ಟೋ ಬೆಳಗ್ಗೆ ಈ ಊಹೆಯಿಂದಲೇ ತುಂಬಿದ್ದುಂಟು. ಆ ಊಹೆಗಳಲ್ಲಿ ನಿಜವಾದವು ಯಾವುವು, ಸುಳ್ಳಾದವು ಯಾವುವು ಎಂದು ಇವತ್ತು ಹಿಂತಿರುಗಿ ನೋಡಿದರೆ, ದಲ್ಲಾಳಿಯ ಪ್ರಶ್ನೆಗಳನ್ನು ಕೇಳಿದವರೇ ಹೆಚ್ಚು ಸಲ ಗೆದ್ದಿದ್ದಾರೆ. ಶ್ರೀಮಂತ ಯಾರು ಎಂದಷ್ಟೇ ನೋಡಿದವರು ಹೆಚ್ಚು ಸಲ ಸೋತಿದ್ದಾರೆ.

ಎಲ್ಲಕ್ಕಿಂತ ದೊಡ್ಡ ಊಹೆಯ ಹಬ್ಬ ನಡೆದದ್ದು 2018ರ ಬೇಸಿಗೆಯಲ್ಲಿ. 2007ರ ಅಕ್ಟೋಬರಿನಲ್ಲಿ ಕೋರಮಂಗಲದ ಒಂದು ಫ್ಲಾಟಿನಲ್ಲಿ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಪುಸ್ತಕ ಮಾರಲು ಶುರು ಮಾಡಿದ ಫ್ಲಿಪ್‌ಕಾರ್ಟ್ ಅಷ್ಟು ಹೊತ್ತಿಗೆ ಹೊರ ವರ್ತುಲ ರಸ್ತೆಯ ದೊಡ್ಡ ಕ್ಯಾಂಪಸ್ಸಿಗೆ ಗಂಟುಮೂಟೆ ಕಟ್ಟುತ್ತಿತ್ತು. ಇಬ್ಬರೂ ಚಂಡೀಗಢದವರು, ದೆಹಲಿ ಐಐಟಿಯಲ್ಲಿ ಓದಿದವರು, ಅಡ್ಡಹೆಸರು ಒಂದೇ ಆದರೂ ನೆಂಟರಲ್ಲ. ಇಬ್ಬರೂ ಮೊದಲು ಬೆಂಗಳೂರಿನ ಅಮೆಜಾನ್ ಕಚೇರಿಯಲ್ಲಿ ಕೆಲಸ ಮಾಡಿದವರು. ಆದ್ದರಿಂದ ಕೊನೆಗೆ ಅಮೆಜಾನೇ ಕೊಳ್ಳುತ್ತದೆ ಎನ್ನುವ ಭವಿಷ್ಯದಲ್ಲಿ ಒಂದು ಸಿನಿಮೀಯ ಸೊಗಸಿತ್ತು. ಹಳೆಯ ಧಣಿ ಬಂದು ಹಳೆಯ ಆಳುಗಳ ಅಂಗಡಿ ಖರೀದಿಸುವುದು! ಆ ಬೇಸಿಗೆಯಲ್ಲಿ ಅಮೆಜಾನ್ ನಿಜಕ್ಕೂ ಬೆಲೆ ಕೂಗಿದೆ ಎಂಬ ವರದಿಗಳು ಬಂದಾಗ ಊಹೆಗಾರರಲ್ಲಿ ಅರ್ಧ ಜನ ಅತ್ತ ವಾಲಿದರು.

ದಲ್ಲಾಳಿಯ ಕಣ್ಣಿಗೆ ಬೇರೆಯದೇ ಕಾಣುತ್ತಿತ್ತು. ಮೊದಲನೆಯದು, ಕೊಳ್ಳುವವನ ಗರಜು. ಅಮೆಜಾನ್ 2013ರ ಜೂನಿನಲ್ಲೇ ಭಾರತದಲ್ಲಿ ತನ್ನ ಅಂಗಡಿ ತೆರೆದಾಗಿತ್ತು, ಗೋದಾಮುಗಳಿದ್ದವು, ಹುಡುಗರು ಮನೆಮನೆಗೆ ಪೆಟ್ಟಿಗೆ ಹೊರುತ್ತಿದ್ದರು. ಫ್ಲಿಪ್‌ಕಾರ್ಟ್ ಸಿಕ್ಕರೆ ಎದುರಾಳಿ ಇಲ್ಲವಾಗುತ್ತಿದ್ದ, ಅಷ್ಟೇ. ವಾಲ್‌ಮಾರ್ಟಿನ ಸ್ಥಿತಿ ಹಾಗಿರಲಿಲ್ಲ. 2007ರಲ್ಲಿ ಭಾರ್ತಿಯವರ ಜೊತೆ ಕೈಜೋಡಿಸಿ ಬಂದು, 2013ರಲ್ಲಿ ಬೇರೆಯಾಗಿ, 'ಬೆಸ್ಟ್ ಪ್ರೈಸ್' ಎಂಬ ಹೆಸರಿನ ಸಗಟು ಮಳಿಗೆಗಳಷ್ಟಕ್ಕೆ ತೃಪ್ತಿಪಟ್ಟುಕೊಂಡು ಕೂತಿತ್ತು. ಆ ಮಳಿಗೆಗಳಲ್ಲಿ ಕೊಳ್ಳಬಹುದಾದವರು ಕಿರಾಣಿಯವರು, ಹೋಟೆಲಿನವರು. ನೀವು ನಾವು ಒಳಗೆ ಹೋಗಿ ಒಂದು ಸೋಪು ಕೊಳ್ಳುವಂತಿಲ್ಲ. ಹಲವು ಬ್ರ್ಯಾಂಡುಗಳ ಚಿಲ್ಲರೆ ವ್ಯಾಪಾರಕ್ಕೆ ವಿದೇಶಿ ಹಣ ತರಲು ಕಾನೂನು ಹಾಕಿದ ಷರತ್ತುಗಳು ಅಷ್ಟು ಬಿಗಿ. ಜಗತ್ತಿನ ಅತಿ ದೊಡ್ಡ ಚಿಲ್ಲರೆ ವ್ಯಾಪಾರಿಗೆ ಭಾರತದ ಗಿರಾಕಿಯ ಮುಖ ನೋಡಲು ಉಳಿದಿದ್ದ ಬಾಗಿಲು ಇಂಟರ್ನೆಟ್ ಒಂದೇ. ಅಮೆರಿಕದಲ್ಲೂ 2016ರಲ್ಲಿ 'ಜೆಟ್' ಎಂಬ ಕಂಪನಿಯನ್ನು ಮುನ್ನೂರು ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ಕೊಂಡದ್ದು ಇದೇ ಅಮೆಜಾನಿನ ಮೇಲಿನ ದಿಗಿಲಿನಿಂದ. ವಾಲ್‌ಮಾರ್ಟಿಗೆ ಫ್ಲಿಪ್‌ಕಾರ್ಟ್ ಇಲ್ಲದೆ ನಡೆಯುತ್ತಿರಲಿಲ್ಲ.

ಎರಡನೆಯದು ಗೋಡೆ ಒಡೆಯುವ ಪರವಾನಗಿ. ಮಾರುಕಟ್ಟೆಯ ಮೊದಲ ಇಬ್ಬರು ಒಂದಾದರೆ ಭಾರತೀಯ ಸ್ಪರ್ಧಾ ಆಯೋಗ ಸುಮ್ಮನಿರುತ್ತದೆಯೇ? ಅಮೆಜಾನ್ ಎಷ್ಟೇ ಹೆಚ್ಚು ಕೂಗಲಿ, ಅನುಮತಿ ಸಿಗದೆ ವರ್ಷಗಟ್ಟಲೆ ತೂಗಾಡುವ ದುಡ್ಡಿಗಿಂತ ಕೈಗೆ ಬರುವ ದುಡ್ಡು ಮೇಲು ಎಂದು ಷೇರುದಾರರಿಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ವಾಲ್‌ಮಾರ್ಟಿನ ಖರೀದಿಗೆ ಆಯೋಗದ ಒಪ್ಪಿಗೆ ಆಗಸ್ಟಿನಲ್ಲಿ, ಮೂರು ತಿಂಗಳೊಳಗೇ, ಸಿಕ್ಕಿತು.

ಮೂರನೆಯದು, ಮತ್ತು ಊಹೆಗಾರರು ಸಾಮಾನ್ಯವಾಗಿ ಮರೆಯುವುದು: ಅಂಗಡಿ ನಿಜಕ್ಕೂ ಯಾರದು? ಫ್ಲಿಪ್‌ಕಾರ್ಟ್ ಎಂದರೆ ಸಚಿನ್-ಬಿನ್ನಿ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಕಾಗದದಲ್ಲಿ ಅದು ಸಿಂಗಪುರದಲ್ಲಿ ನೋಂದಾಯಿಸಿದ ಕಂಪನಿ, ಇಬ್ಬರ ಪಾಲೂ ಒಂದಂಕಿಯ ಶೇಕಡಾಕ್ಕೆ ಇಳಿದಿತ್ತು. ದೊಡ್ಡ ಪಾಲು ಜಪಾನಿನ ಸಾಫ್ಟ್‌ಬ್ಯಾಂಕ್, ನ್ಯೂಯಾರ್ಕಿನ ಟೈಗರ್ ಗ್ಲೋಬಲ್, ದಕ್ಷಿಣ ಆಫ್ರಿಕಾದ ನ್ಯಾಸ್ಪರ್ಸ್ ಮುಂತಾದವರದು. ಇವರಲ್ಲಿ ಹಲವರು ಹಣ ಹೂಡಿ ವರ್ಷಗಳಾಗಿತ್ತು. ಅಂಥ ನಿಧಿಗಳಿಗೆ ಹಣ ಕೊಟ್ಟವರೂ ಬೇರೆ ಜನ. ಅವರಿಗೆ ಒಂದು ಗಡುವಿನೊಳಗೆ ಗಂಟು ಹಿಂತಿರುಗಿಸಬೇಕು. ನ್ಯಾಸ್ಪರ್ಸ್ ತನ್ನ ಹನ್ನೊಂದು ಶೇಕಡಾ ಚಿಲ್ಲರೆ ಪಾಲನ್ನು ಪೂರ್ತಿ ಮಾರಿ 220 ಕೋಟಿ ಡಾಲರ್ ಎಣಿಸಿಕೊಂಡಿತು. ಹಿಂದಿನ ವರ್ಷವಷ್ಟೇ 250 ಕೋಟಿ ಡಾಲರ್ ಹೂಡಿದ್ದ ಸಾಫ್ಟ್‌ಬ್ಯಾಂಕ್ ಮಾತ್ರ ಮಾರಲೋ ಬೇಡವೋ ಎಂದು ಹೊಯ್ದಾಡಿತು. ಬೇಗ ಮಾರಿದರೆ ಭಾರತದ ತೆರಿಗೆ ಹೆಚ್ಚು ಬೀಳುತ್ತದೆ ಎಂಬ ಲೆಕ್ಕಾಚಾರವೂ ಅದರ ಹಿಂದೆ ಇತ್ತೆಂದು ಆಗ ವರದಿಯಾಗಿತ್ತು.

ವಿಚಿತ್ರವೆಂದರೆ, ಅಷ್ಟು ತಿಂಗಳ ಊಹೆಗೆ ತೆರೆ ಎಳೆದದ್ದು ಬೆಂಗಳೂರೂ ಅಲ್ಲ, ವಾಲ್‌ಮಾರ್ಟಿನ ತವರಾದ ಬೆಂಟನ್‌ವಿಲ್ಲೂ ಅಲ್ಲ. 2018ರ ಮೇ 9ರಂದು ಟೋಕಿಯೊದಲ್ಲಿ ತಮ್ಮ ಕಂಪನಿಯ ಲಾಭ-ನಷ್ಟ ಹೇಳಲು ಕೂತಿದ್ದ ಸಾಫ್ಟ್‌ಬ್ಯಾಂಕಿನ ಮುಖ್ಯಸ್ಥ ಮಾಸಯೋಶಿ ಸನ್, ಮಾತಿನ ನಡುವೆ ಒಪ್ಪಂದ ಆಗಿಹೋಗಿದೆ ಎಂದುಬಿಟ್ಟರು. ಅಧಿಕೃತ ಪ್ರಕಟಣೆ ಹೊರಬಿದ್ದದ್ದು ಕೆಲವು ಗಂಟೆಗಳ ನಂತರ: ಸುಮಾರು ಶೇ 77ರ ಪಾಲಿಗೆ 1,600 ಕೋಟಿ ಡಾಲರ್, ಅಂದಿನ ರೂಪಾಯಿಯ ಲೆಕ್ಕದಲ್ಲಿ ಒಂದು ಲಕ್ಷ ಕೋಟಿಗೂ ಮೇಲೆ. ಆ ದಿನ ಅಮೆರಿಕದ ಪೇಟೆಯಲ್ಲಿ ವಾಲ್‌ಮಾರ್ಟಿನ ಷೇರು ಶೇ 3ರಷ್ಟು ಬಿತ್ತು. ಗೆದ್ದವನು ಹೆಚ್ಚು ಕೊಟ್ಟ ಎಂದು ಅವನ ಮನೆಯವರೇ ಗೊಣಗಿದ ಹಾಗೆ. ಸಚಿನ್ ಬನ್ಸಲ್ ತಮ್ಮ ಪಾಲು ಮಾರಿ ಹೊರಟರು. ಬಿನ್ನಿ ನವೆಂಬರಿನಲ್ಲಿ ಗುಂಪಿನ ಮುಖ್ಯಸ್ಥನ ಕುರ್ಚಿ ಬಿಟ್ಟರು. ಎರಡು ವರ್ಷದ ನಂತರ, 2020ರ ಜುಲೈಯಲ್ಲಿ, ಫ್ಲಿಪ್‌ಕಾರ್ಟೇ ವಾಲ್‌ಮಾರ್ಟ್ ಇಂಡಿಯಾದ ಆ ಸಗಟು ಮಳಿಗೆಗಳನ್ನು ಕೊಂಡಿತು. ಇದನ್ನು ಮಾತ್ರ ಯಾವ ಊಹೆಗಾರನೂ ಹೇಳಿರಲಿಲ್ಲ.

ಷೇರುದಾರರ ಪಟ್ಟಿ ಓದಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ ಎನ್ನುವುದಕ್ಕೆ ಇನ್ನೂ ಶುದ್ಧ ಉದಾಹರಣೆ ಮಿಂತ್ರಾ. ಕಮರ್ಷಿಯಲ್ ಸ್ಟ್ರೀಟಿನ ಹೊಟ್ಟೆಗೆ ನೇರವಾಗಿ ಕೈಹಾಕಿದ್ದು ಫ್ಲಿಪ್‌ಕಾರ್ಟಿಗಿಂತ ಇದೇ ಹೆಚ್ಚು. 2007ರಲ್ಲೇ ಮುಕೇಶ್ ಬನ್ಸಲ್ (ಇವರೂ ನೆಂಟರಲ್ಲ, ಬೆಂಗಳೂರಿಗೆ ಬನ್ಸಲರು ಮೂರು ಬೇರೆ ಬೇರೆ ದಾರಿಯಿಂದ ಬಂದರು) ಮತ್ತು ಗೆಳೆಯರು ಹೆಸರು, ಚಿತ್ರ ಅಚ್ಚುಹಾಕಿದ ಮಗ್ಗು, ಟೀ ಶರ್ಟುಗಳನ್ನು ಮಾರುತ್ತಿದ್ದರು. ಅದರಲ್ಲಿ ದೊಡ್ಡ ಗಿಟ್ಟುವಳಿ ಇಲ್ಲವೆಂದು ಕಂಡು ಬಟ್ಟೆ, ಬೂಟುಗಳ ಕಡೆ ತಿರುಗಿದರು. 2014ರ ಮೊದಲ ತಿಂಗಳುಗಳಲ್ಲಿ ಫ್ಲಿಪ್‌ಕಾರ್ಟ್ ಮಿಂತ್ರಾವನ್ನು ಕೊಳ್ಳುತ್ತದೆ ಎಂಬ ಸುದ್ದಿ ಹರಡಿದಾಗ, ಪೈಪೋಟಿಯವರು ಹೇಗೆ ಒಂದಾಗುತ್ತಾರೆ ಎಂದು ಕೇಳಿದವರೇ ಬಹಳ. ಎರಡೂ ಕಡೆ ಹಣ ಹಾಕಿದ್ದವರು ಟೈಗರ್ ಗ್ಲೋಬಲ್ ಮತ್ತು ಆಕ್ಸೆಲ್. ಒಬ್ಬನೇ ಮಾಲೀಕನ ಎರಡು ಮಳಿಗೆಗಳು ಪೈಪೋಟಿಗೆ ಬಿದ್ದು ಡಿಸ್ಕೌಂಟ್ ಕೊಟ್ಟು ಒಂದರ ಕತ್ತನ್ನು ಇನ್ನೊಂದು ಕೊಯ್ಯುವುದನ್ನು ಮಾಲೀಕ ಎಷ್ಟು ದಿನ ನೋಡುತ್ತಾನೆ? 2014ರ ಮೇ 22ರಂದು ಮದುವೆ ಘೋಷಣೆಯಾಯಿತು. ಬೋರ್ಡು ಮಾತ್ರ ಬದಲಾಗಲಿಲ್ಲ. ಮಿಂತ್ರಾ ಮಿಂತ್ರಾ ಆಗಿಯೇ ಉಳಿಯಿತು. 2016ರಲ್ಲಿ ಅದೇ ಮಿಂತ್ರಾ ತನ್ನ ಎದುರಾಳಿ ಜಬಾಂಗನ್ನು 7 ಕೋಟಿ ಡಾಲರಿಗೆ ಕೊಂಡಾಗ, ಒಂದು ಕಾಲಕ್ಕೆ ಜಬಾಂಗಿಗೆ ನೂರು ಕೋಟಿ ಡಾಲರ್ ಬರುತ್ತದೆ ಎಂದು ಬರೆದಿದ್ದ ಪೆನ್ನುಗಳು ಸುಮ್ಮನಾದವು.

ಪಟ್ಟಿ ಓದಿಯೂ ಸೋಲುವುದುಂಟು. 2017ರಲ್ಲಿ ದೆಹಲಿಯ ಸ್ನ್ಯಾಪ್‌ಡೀಲ್ ಫ್ಲಿಪ್‌ಕಾರ್ಟಿನ ತೆಕ್ಕೆಗೆ ಬೀಳುವುದು ಖಚಿತ ಎಂದು ಎಲ್ಲರೂ ಬರೆದರು. ಸ್ನ್ಯಾಪ್‌ಡೀಲಿನ ದೊಡ್ಡ ಪಾಲುದಾರ ಸಾಫ್ಟ್‌ಬ್ಯಾಂಕೇ ಮುಂದೆ ನಿಂತು ಸಂಬಂಧ ಕುದುರಿಸುತ್ತಿತ್ತು. ಆದರೆ ಸಣ್ಣ ಪಾಲುದಾರರಿಗೂ ಬಾಯಿ ಇರುತ್ತದೆ. ಕೆಲವರಿಗೆ ಮಾತ್ರ ವಿಶೇಷ ಪಾವತಿ ಏಕೆ ಎಂದು ಬೆಂಗಳೂರಿನ ಪ್ರೇಮ್‌ಜಿ ಇನ್ವೆಸ್ಟ್ ತಗಾದೆ ತೆಗೆಯಿತು. ಸ್ಥಾಪಕರಿಗೆ ಮನಸ್ಸಿರಲಿಲ್ಲ. ಒಮ್ಮೆ 650 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಕಂಪನಿಗೆ ನೂರು ಕೋಟಿಗಿಂತ ಕಡಿಮೆ ಕೊಡುವ ಮಾತು ನಡೆದಿತ್ತು. ಜುಲೈ 31ರಂದು ಮಾತುಕತೆ ಮುರಿಯಿತು. ಹತ್ತು ದಿನದಲ್ಲೇ ಸಾಫ್ಟ್‌ಬ್ಯಾಂಕ್ ಸುತ್ತಿನ ದಾರಿ ಬಿಟ್ಟು ನೇರವಾಗಿ ಫ್ಲಿಪ್‌ಕಾರ್ಟಿನೊಳಗೆ ದುಡ್ಡು ಹಾಕಿತು. ಇದೇ ಗಲಾಟೆಯಲ್ಲಿ ಸ್ನ್ಯಾಪ್‌ಡೀಲಿನ ಕೈಲಿದ್ದ ಫ್ರೀಚಾರ್ಜ್ ಎಂಬ ಪಾವತಿ ಕಂಪನಿ ಯಾರಿಗೆ ಎಂಬ ಉಪಕಥೆಯೂ ಇತ್ತು. ಪೇಟಿಎಂ, ಅಮೆಜಾನ್, ಏರ್‌ಟೆಲ್ ಎಂದು ಹೆಸರುಗಳು ಹಾರಾಡಿದವು. ಕೊಂಡದ್ದು ಆಕ್ಸಿಸ್ ಬ್ಯಾಂಕ್, 385 ಕೋಟಿ ರೂಪಾಯಿಗೆ. ಎರಡು ವರ್ಷದ ಹಿಂದೆ ಸ್ನ್ಯಾಪ್‌ಡೀಲ್ ಅದಕ್ಕೆ ಸುಮಾರು 40 ಕೋಟಿ ಡಾಲರ್ ತೆತ್ತಿತ್ತು ಎನ್ನಲಾಗಿತ್ತು. ಊಹೆಗಾರರು ಅದೇ ಬೀದಿಯವರನ್ನಷ್ಟೇ ಎಣಿಸುತ್ತಿದ್ದರು. ಕೊಳ್ಳುವವನು ಬೇರೆ ಬೀದಿಯಿಂದ ಬಂದ.

ಬೆಂಗಳೂರಿನ ರೆಡ್‌ಬಸ್ ಕಥೆಯಲ್ಲಿ ಮಾತ್ರ ಕೊಂಡವನು ಅದೇ ಬೀದಿಯವನು. ದೀಪಾವಳಿಗೆ ಹೈದರಾಬಾದಿಗೆ ಹೋಗಲು ಬಸ್ ಟಿಕೆಟ್ ಸಿಗದ ಕಾರಣಕ್ಕೆ ಫಣೀಂದ್ರ ಸಾಮ ಮತ್ತು ಗೆಳೆಯರು 2006ರಲ್ಲಿ ಆರಂಭಿಸಿದ್ದು ಅದು. ಬಸ್ಸಿನ ಟಿಕೆಟ್ ವ್ಯಾಪಾರವನ್ನು ಪ್ರವಾಸದ ಕಂಪನಿಗಳೇ ಕೊಳ್ಳಬೇಕು ಎನ್ನುವುದು ಸಹಜ ನಿರೀಕ್ಷೆ. 2013ರ ಜೂನಿನಲ್ಲಿ ಕೊಂಡದ್ದೂ ಪ್ರವಾಸದ ವ್ಯಾಪಾರದಲ್ಲಿದ್ದ ಐಬಿಬೊ, ಅಂದರೆ ಅದರ ಬೆನ್ನಿಗಿದ್ದ ದಕ್ಷಿಣ ಆಫ್ರಿಕಾದ ಅದೇ ನ್ಯಾಸ್ಪರ್ಸ್. ಮೂರು ವರ್ಷದಲ್ಲಿ ಐಬಿಬೊವೇ ಮೇಕ್‌ಮೈಟ್ರಿಪ್‌ನಲ್ಲಿ ಕರಗಿತು, ರೆಡ್‌ಬಸ್ ಅದರ ಜೊತೆಗೇ ಹೋಯಿತು. ಸಹಜ ಊಹೆ ಇಲ್ಲಿ ಎರಡು ಸಲ ನಿಜವಾಯಿತೆನ್ನಿ.

ಇಲ್ಲಿ ಸುದ್ದಿಯ ಬಗ್ಗೆಯೇ ಒಂದು ಮಾತು ಹೇಳಬೇಕು. "ಬಲ್ಲ ಮೂಲಗಳ ಪ್ರಕಾರ" ಎಂದು ಶುರುವಾಗುವ ವರದಿಯ ಹಿಂದೆ ಒಬ್ಬ ಬಲ್ಲವನಿರುತ್ತಾನೆ, ಅವನಿಗೊಂದು ಉದ್ದೇಶವಿರುತ್ತದೆ. ಮಾರುವವನ ಕಡೆಯವನಾದರೆ ಇನ್ನೊಬ್ಬ ಗಿರಾಕಿ ಬಾಗಿಲಲ್ಲಿ ನಿಂತಿದ್ದಾನೆ ಎಂದು ತೋರಿಸಿ ಬೆಲೆ ಏರಿಸುವುದು ಅವನಿಗೆ ಬೇಕು. ಚೌಕಾಸಿ ಬಲ್ಲ ಯಾವ ಗೃಹಿಣಿಯೂ ಕಮರ್ಷಿಯಲ್ ಸ್ಟ್ರೀಟಿನಲ್ಲಿ ಈ ತಂತ್ರಕ್ಕೆ ಬೀಳುವುದಿಲ್ಲ. "ಈಗಷ್ಟೇ ಒಬ್ಬರು ಇದಕ್ಕೆ ಎಂಟುನೂರು ಕೇಳಿಹೋದರು ಮೇಡಂ" ಎಂದರೆ, "ಹಾಗಾದರೆ ಅವರಿಗೇ ಕೊಡಿ" ಎಂದು ಮೆಟ್ಟಿಲಿಳಿಯುತ್ತಾಳೆ. ಸೂಟುಬೂಟಿನವರೇ ಬೀಳುವುದು. ಕೊಳ್ಳುವವನ ಕಡೆಯಿಂದ ಸೋರುವ ಸುದ್ದಿಗೆ ಬೇರೆ ಕೆಲಸ: ಎದುರಾಳಿಯ ನೌಕರರನ್ನು, ಅದಕ್ಕೆ ಸರಕು ಕೊಡುವವರನ್ನು ಕಂಗಾಲು ಮಾಡುವುದು. ಇನ್ನು ಕೆಲವೊಮ್ಮೆ ಹಣ ಖಾಲಿಯಾದ ಕಂಪನಿಯೇ ತನ್ನನ್ನು ಕೊಳ್ಳಲು ಕ್ಯೂ ನಿಂತಿದೆ ಎಂದು ಹೇಳಿಸಿಕೊಳ್ಳುತ್ತದೆ. ಆದ್ದರಿಂದ ವರದಿಯಲ್ಲಿ ಯಾವ ಹೆಸರಿದೆ ಎನ್ನುವುದಕ್ಕಿಂತ ಅದು ಈ ವಾರವೇ ಏಕೆ ಹೊರಬಂತು ಎಂದು ನೋಡುವುದು ಹೆಚ್ಚು ಉಪಯುಕ್ತ. ನಿರಾಕರಣೆಗೂ ಅಷ್ಟೇ ಬೆಲೆ. "ಇವು ಆಧಾರರಹಿತ" ಎಂದರೆ ಬೆಲೆ ಇನ್ನೂ ಕುದುರಿಲ್ಲ ಎಂದು ಓದಿಕೊಳ್ಳಬಹುದು, "ಊಹಾಪೋಹಗಳಿಗೆ ನಾವು ಪ್ರತಿಕ್ರಿಯಿಸುವುದಿಲ್ಲ" ಎಂದರೆ ವಕೀಲರು ಕೋಣೆಯೊಳಗೆ ಬಂದಿದ್ದಾರೆ ಎಂದು.

ಹೊರಗಿನ ಜಗತ್ತಿನಲ್ಲಿ ಈ ಊಹೆಯ ಆಟಕ್ಕೆ ಎಲ್ಲಕ್ಕಿಂತ ದುಬಾರಿ ಪಾಠ ಯಾಹೂ. 2008ರ ಫೆಬ್ರುವರಿ 1ರಂದು ಮೈಕ್ರೋಸಾಫ್ಟ್ ಅದಕ್ಕೆ 4,460 ಕೋಟಿ ಡಾಲರ್ ಕೊಡುತ್ತೇನೆಂದು ಬಹಿರಂಗವಾಗಿಯೇ ಕೇಳಿತು. ಯಾಹೂ ಸಾಲದು ಎಂದಿತು. ಆಮೇಲೆ ವರ್ಷಗಟ್ಟಲೆ ಯಾರು ಕೊಳ್ಳಬಹುದು ಎಂಬ ಊಹೆ ಬಿಟ್ಟರೆ ಅದರ ಬಗ್ಗೆ ಸುದ್ದಿಯೇ ಕಡಿಮೆ. ಬೆಂಗಳೂರಿನ ಅದರ ತಂತ್ರಜ್ಞರಲ್ಲಿ ನೂರಾರು ಮಂದಿಯನ್ನು 2014ರಲ್ಲಿ ಮನೆಗೆ ಕಳಿಸಲಾಯಿತು. 2017ರಲ್ಲಿ ವೆರೈಜ಼ನ್ ಅದರ ವ್ಯಾಪಾರವನ್ನು ಕೊಂಡದ್ದು 448 ಕೋಟಿಗೆ. ಮೊದಲ ಬೆಲೆಯ ಹತ್ತನೇ ಒಂದು ಭಾಗ.

ಮತ್ತೆ ಬೆಂಗಳೂರಿಗೆ ಬಂದರೆ, ಬಿಗ್‌ಬ್ಯಾಸ್ಕೆಟ್ ಮಾರಾಟವನ್ನು ನಿರ್ಧರಿಸಿದ್ದು ಬೆಲೆಯೂ ಅಲ್ಲ, ಆಸೆಯೂ ಅಲ್ಲ, ಗಡಿಯಲ್ಲಿ ನಡೆದದ್ದು. ಇದರ ಹಿಂದಿನವರು ಬೆಂಗಳೂರಿನ ಹಳೆಯ ಕುಳಗಳು. 1999ರಲ್ಲಿ, ಬೆಂಗಳೂರಿನ ಹೆಚ್ಚಿನ ಮನೆಗಳಲ್ಲಿ ಇಂಟರ್ನೆಟ್ಟೇ ಇಲ್ಲದಿದ್ದಾಗ, ವಿ.ಎಸ್. ಸುಧಾಕರ್, ಹರಿ ಮೆನನ್, ಕೆ. ವೈತೀಶ್ವರನ್ ಮುಂತಾದವರು 'ಫ್ಯಾಬ್‌ಮಾರ್ಟ್' ತೆರೆದಿದ್ದರು. ಪರದೆಯ ಮೇಲಿನ ವ್ಯಾಪಾರ ಸಾಲದೆಂದು ಇಟ್ಟಿಗೆ-ಸಿಮೆಂಟಿನ 'ಫ್ಯಾಬ್‌ಮಾಲ್' ದಿನಸಿ ಮಳಿಗೆಗಳನ್ನೂ ಕಟ್ಟಿದರು. ಆ ಮಳಿಗೆಗಳು 2007ರಲ್ಲಿ ಆದಿತ್ಯ ಬಿರ್ಲಾ ಗುಂಪಿನ ಪಾಲಾಗಿ 'ಮೋರ್' ಎಂಬ ಬೋರ್ಡು ಹಾಕಿಕೊಂಡವು. ಇವತ್ತಿಗೂ ನಮ್ಮಲ್ಲಿ ಹಲವರು ಈರುಳ್ಳಿ ಕೊಳ್ಳುವುದು ಆ ಹಳೆಯ ಫ್ಯಾಬ್‌ಮಾಲಿನ ಜಾಗದಲ್ಲೇ. ಪರದೆಯ ಭಾಗ 'ಇಂಡಿಯಾಪ್ಲಾಜ಼ಾ' ಆಗಿ 2013ರಲ್ಲಿ ಮುಚ್ಚಿತು. ಸುಧಾಕರ್, ಮೆನನ್ ಮತ್ತು ಜೊತೆಗಾರರು 2011ರಲ್ಲಿ ಮತ್ತೆ ದಿನಸಿಗೇ ಇಳಿದು ಬಿಗ್‌ಬ್ಯಾಸ್ಕೆಟ್ ಶುರು ಮಾಡಿದ್ದರು. ಅದರ ದೊಡ್ಡ ಪಾಲುದಾರ ಚೀನಾದ ಅಲಿಬಾಬಾ. 2020ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಗಡಿ ಹಂಚಿಕೊಂಡ ದೇಶಗಳಿಂದ ಬರುವ ಹೂಡಿಕೆಗೆ ಮುಂಚಿತ ಅನುಮತಿ ಬೇಕೆಂದಿತು. ಜೂನಿನಲ್ಲಿ ಗಾಲ್ವಾನ್ ಕಣಿವೆಯಲ್ಲಿ ಚೀನಾದ ಸೈನಿಕರೊಂದಿಗೆ ಘರ್ಷಣೆ ನಡೆಯಿತು. ಲಾಕ್‌ಡೌನಿನಲ್ಲಿ ಬೇಡಿಕೆ ಉಕ್ಕುತ್ತಿದ್ದ ಹೊತ್ತಿಗೆ ಸರಿಯಾಗಿ, ಇನ್ನಷ್ಟು ಹಣ ಹಾಕಬೇಕಾದವನ ಕೈ ಕಟ್ಟಿಹೋಯಿತು. ಅಲ್ಲಿಂದ ಮುಂದೆ ಕೊಳ್ಳುವವನು ಭಾರತೀಯನೇ ಆಗಬೇಕು, ದೊಡ್ಡವನೇ ಆಗಬೇಕು, ಮತ್ತು ಅವನ ಬಳಿ ಇಂಥದ್ದು ಇಲ್ಲದಿರಬೇಕು. ರಿಲಯನ್ಸ್ ಜಿಯೋಮಾರ್ಟ್ ತೆರೆದಾಗಿತ್ತು. ಉಳಿದದ್ದು ಟಾಟಾ. 2021ರ ಮೇನಲ್ಲಿ ಟಾಟಾ ಡಿಜಿಟಲ್ ಬಹುಪಾಲು ಕೊಂಡಿತು, ಅಲಿಬಾಬಾ ಹೊರನಡೆಯಿತು.

ಕಾನೂನಿನ ಕೈ ಈಗ ಇನ್ನೂ ಉದ್ದವಾಗಿದೆ. ಮೊದಲು ವಹಿವಾಟು ಅಥವಾ ಆಸ್ತಿ ಸಣ್ಣದಿದ್ದ ಕಂಪನಿಯ ಖರೀದಿ ಸ್ಪರ್ಧಾ ಆಯೋಗದ ಬಾಗಿಲು ಬಡಿಯದೆಯೇ ಮುಗಿದುಬಿಡಬಹುದಿತ್ತು. ನಷ್ಟದಲ್ಲೇ ನಡೆಯುವ, ಆದರೆ ಕೋಟ್ಯಂತರ ಬಳಕೆದಾರರಿರುವ ಇಂಟರ್ನೆಟ್ ಕಂಪನಿಗಳಿಗೆ ಅದು ಅನುಕೂಲ. 2024ರ ಸೆಪ್ಟೆಂಬರ್ 10ರಿಂದ, ಭಾರತದಲ್ಲಿ ಗಣನೀಯ ವ್ಯಾಪಾರವಿರುವ ಕಂಪನಿಯ ಖರೀದಿಯ ಮೊತ್ತ 2,000 ಕೋಟಿ ರೂಪಾಯಿ ದಾಟಿದರೆ ಆಯೋಗಕ್ಕೆ ತಿಳಿಸಲೇಬೇಕು.

ಕೊನೆಗೆ ಯಾರೂ ಕೊಳ್ಳದ ಅಂಗಡಿಗಳ ಮಾತು. ಊಹೆಗಾರರ ಪಟ್ಟಿಯಲ್ಲಿ 'ಯಾರೂ ಇಲ್ಲ' ಎಂಬ ಹೆಸರು ಇರುವುದೇ ಇಲ್ಲ. ಕನ್ನಡಿಗರಿಗೆ ಹತ್ತಿರದ ಉದಾಹರಣೆ ಟ್ವಿಟರಿಗೆ ಪೈಪೋಟಿಯಾಗಿ ಹುಟ್ಟಿದ ಕೂ.

ಅದರ ಸ್ಥಾಪಕರಲ್ಲೊಬ್ಬರಾದ ಅಪ್ರಮೇಯ ರಾಧಾಕೃಷ್ಣ ಇದಕ್ಕೂ ಮೊದಲು ಜಿ. ರಘುನಂದನ್ ಜೊತೆ 'ಟ್ಯಾಕ್ಸಿಫಾರ್‌ಶ್ಯೂರ್' ಕಟ್ಟಿದವರು. 2014ರ ಕೊನೆಯ ಹೊತ್ತಿಗೆ ಓಲಾ, ಊಬರ್ ಸುರಿಯುತ್ತಿದ್ದ ಹಣದ ಮುಂದೆ ಅದು ನಿಲ್ಲುವಂತಿರಲಿಲ್ಲ. 2015ರ ಮಾರ್ಚಿನಲ್ಲಿ ಓಲಾ ಅದನ್ನು ಸುಮಾರು 20 ಕೋಟಿ ಡಾಲರಿಗೆ ಕೊಂಡಿತು. ಮುಂದಿನ ವರ್ಷವೇ ಆ ಹೆಸರು ಅಳಿಸಿಹೋಯಿತು, ಆದರೆ ಮಾರಿದವರ ದೃಷ್ಟಿಯಿಂದ ಗಳಿಗೆ ಸರಿಯಾಗಿತ್ತು: ಎದುರಾಳಿಗೆ ಪೈಪೋಟಿಯ ಬಿಸಿ ತಾಗುತ್ತಿದ್ದಾಗಲೇ ಮಾರಿದ್ದರು. ಮಯಂಕ್ ಬಿದವಾಟ್ಕಾ ಜೊತೆ 2020ರಲ್ಲಿ ಅವರು ಹೊರತಂದ ಕೂ ಮೊದಲು ಮಾತಾಡಿದ್ದು ಕನ್ನಡವನ್ನು, ಆಮೇಲೆ ಹಿಂದಿ, ತೆಲುಗು, ತಮಿಳು. ಇಂಗ್ಲಿಷಿಗೇ ಮೊದಲ ಮಣೆ ಹಾಕುವ ಟ್ವಿಟರಿನ ಜಗತ್ತಿನಲ್ಲಿ ಹಳದಿ ಹಕ್ಕಿಯೊಂದು ನಮ್ಮ ಲಿಪಿಯಲ್ಲಿ ಕೂಗುತ್ತಿದೆ ಎನ್ನುವುದೇ ಆಗ ಒಂದು ಸಂಭ್ರಮ. 2021ರ ಫೆಬ್ರುವರಿಯಲ್ಲಿ ರೈತ ಚಳವಳಿಯ ಸಮಯದಲ್ಲಿ ಟ್ವಿಟರಿಗೂ ಕೇಂದ್ರ ಸರ್ಕಾರಕ್ಕೂ ಜಟಾಪಟಿಯಾದಾಗ ಮಂತ್ರಿಗಳು, ಇಲಾಖೆಗಳು ಕೂಗೆ ಬಂದರು. ಜೂನಿನಲ್ಲಿ ನೈಜೀರಿಯಾ ಟ್ವಿಟರನ್ನು ನಿಷೇಧಿಸಿದಾಗ ಅಲ್ಲಿನ ಸರ್ಕಾರವೂ ಬಂತು. ಆಕ್ಸೆಲ್, ಟೈಗರ್ ಗ್ಲೋಬಲ್ (ಮತ್ತೆ ಅದೇ ಹೆಸರುಗಳು) ಹಣ ಹಾಕಿದರು. 2022ರಲ್ಲಿ ಎಲಾನ್ ಮಸ್ಕ್ 4,400 ಕೋಟಿ ಡಾಲರ್ ಕೊಟ್ಟು ಟ್ವಿಟರನ್ನೇ ಕೊಂಡಾಗ, ಬೇಸತ್ತು ಹೊರಟ ಬ್ರೆಜಿಲಿನವರೂ ಒಂದಷ್ಟು ದಿನ ಕೂ ಎಂದರು.

ಆದರೆ 2022 ಎಂದರೆ ಜಗತ್ತಿನಲ್ಲಿ ಬಡ್ಡಿದರ ಏರಿ ಹೂಡಿಕೆಯ ನಲ್ಲಿ ಬಂದ್ ಆದ ವರ್ಷ. ಜನರನ್ನು ಕರೆತರಲು ಖರ್ಚು ಬೇಕು, ಜಾಹೀರಾತಿನ ಆದಾಯ ಇನ್ನೂ ದೂರ. 2024ರ ಫೆಬ್ರುವರಿಯಲ್ಲಿ ಬೆಂಗಳೂರಿನದೇ ಆದ ಡೈಲಿಹಂಟ್ ಕೂವನ್ನು ಕೊಳ್ಳುತ್ತದೆ ಎಂಬ ಸುದ್ದಿ ಬಂತು. ಊಹೆ ಕೇಳಲು ಎಷ್ಟು ಚೆಂದ! ಒಂದೇ ಊರು, ಎರಡೂ ದೇಶಭಾಷೆಗಳನ್ನು ನಂಬಿದ ಕಂಪನಿಗಳು. ದಲ್ಲಾಳಿಯ ಪ್ರಶ್ನೆ ಕೇಳಿದ್ದರೆ ಅನುಮಾನ ಬರುತ್ತಿತ್ತು. ಕೊಳ್ಳುವವನಿಗೆ ಇದು ಬೇಕೇಬೇಕಿತ್ತೆ? ಇಲ್ಲ. ಕೊಳ್ಳದಿದ್ದರೆ ಎದುರಾಳಿ ಕೊಳ್ಳುತ್ತಾನೆಂಬ ಭಯವಿತ್ತೆ? ಕಾಣಲಿಲ್ಲ. ಸರ್ಕಾರ ಮತ್ತು ರಾಜಕಾರಣದ ಗದ್ದಲ ತುಂಬಿದ ಜಗಲಿಯನ್ನು ಮನೆಗೆ ಸೇರಿಸಿಕೊಳ್ಳಲು ಯಾರಿಗೂ ಅವಸರವಿರಲಿಲ್ಲ. 2024ರ ಜುಲೈ 3ರಂದು ಸ್ಥಾಪಕರಿಬ್ಬರೂ ಮುಚ್ಚುತ್ತಿದ್ದೇವೆಂದು ಬರೆದರು. ಹಲವು ದೊಡ್ಡ ಇಂಟರ್ನೆಟ್ ಕಂಪನಿಗಳು, ಉದ್ಯಮ ಸಮೂಹಗಳು, ಮಾಧ್ಯಮ ಸಂಸ್ಥೆಗಳ ಜೊತೆ ಮಾತಾಡಿದೆವು, ಕೆಲವರು ಸಹಿ ಹಾಕುವ ಹೊತ್ತಿಗೆ ಮನಸ್ಸು ಬದಲಿಸಿದರು ಎನ್ನುವುದು ಅದರ ಸಾರ. ಒಂದು ಕಂಪನಿಯನ್ನು ಸರಿಯಾದ ಗಳಿಗೆಯಲ್ಲಿ ಮಾರಿದ್ದ ವ್ಯಕ್ತಿಗೇ ಇನ್ನೊಂದರಲ್ಲಿ ಆ ಗಳಿಗೆ ಸಿಗಲಿಲ್ಲ. ಜಾಣತನ ಒಬ್ಬರದೇ; ಎದುರಿಗಿದ್ದ ಗಿರಾಕಿಯ ಅವಸರ ಬೇರೆ.

ಮನೆಗೆ ಸಾಮಾನು ತಲುಪಿಸುತ್ತಿದ್ದ ಬೆಂಗಳೂರಿನ ಡನ್‌ಜೋ ಕಥೆ ಇನ್ನೂ ಕಹಿ. ಗೂಗಲ್ ಭಾರತದಲ್ಲಿ ನೇರವಾಗಿ ಹಣ ಹಾಕಿದ ಮೊದಲ ಕಂಪನಿ ಅದು. 2022ರಲ್ಲಿ ರಿಲಯನ್ಸ್ ರಿಟೇಲ್ 20 ಕೋಟಿ ಡಾಲರ್ ಕೊಟ್ಟು ಕಾಲು ಭಾಗ ಪಾಲು ಹಿಡಿದಾಗ, ಉಳಿದದ್ದನ್ನೂ ಅವರೇ ಕೊಳ್ಳುತ್ತಾರೆ ಎನ್ನುವುದರಲ್ಲಿ ಯಾರಿಗೂ ಸಂಶಯ ಇರಲಿಲ್ಲ. ಅವರು ಕೊಳ್ಳಲಿಲ್ಲ. ಅರ್ಧ ಒಳಗೆ ಬಂದ ದೊಡ್ಡವನು ಕೂತಿದ್ದಲ್ಲಿ ಬೇರೆಯವರೂ ಬರಲು ಹಿಂಜರಿಯುತ್ತಾರೆ. 2025ರ ಜನವರಿಯಲ್ಲಿ ಆ್ಯಪ್ ನಿಂತೇಹೋಯಿತು.

ಇಷ್ಟೆಲ್ಲ ಕೊಳ್ಳುವಿಕೆಯ ನಡುವೆ ಕಮರ್ಷಿಯಲ್ ಸ್ಟ್ರೀಟಿನ ವ್ಯಾಪಾರಿ ಏನು ಮಾಡುತ್ತಿದ್ದ? ವಾಲ್‌ಮಾರ್ಟ್ ಬಂದ ವರ್ಷ, 2018ರ ಸೆಪ್ಟೆಂಬರ್ 28ರಂದು, ಅಖಿಲ ಭಾರತ ವ್ಯಾಪಾರಿಗಳ ಒಕ್ಕೂಟ ದೇಶವ್ಯಾಪಿ ಬಂದ್ ಕರೆದಿತ್ತು. ಫ್ಲಿಪ್‌ಕಾರ್ಟ್ ಯಾರ ಕೈಗೆ ಹೋಗುತ್ತದೆ ಎನ್ನುವುದು ಅವರಿಗೆ ಊಹೆಯ ಮೋಜಾಗಿರಲಿಲ್ಲ. ಯಾರಿಗೆ ಹೋದರೂ ಡಿಸ್ಕೌಂಟಿನ ಜೇಬು ಇನ್ನಷ್ಟು ಆಳವಾಗುತ್ತದೆ ಎಂಬುದಷ್ಟೇ ಗೊತ್ತಿತ್ತು. ಒಕ್ಕೂಟ ಆ ಖರೀದಿಯನ್ನು ಕಂಪನಿ ಮೇಲ್ಮನವಿ ನ್ಯಾಯಮಂಡಳಿಯಲ್ಲೂ ಪ್ರಶ್ನಿಸಿತು. 2020ರಲ್ಲಿ ಅರ್ಜಿ ವಜಾ ಆಯಿತು. ಈ ವರ್ಷಗಳ ನಡುವೆಯೇ ಕೋವಿಡ್ ಬಂತು, ರಸ್ತೆಗೆ ಸ್ಮಾರ್ಟ್ ಸಿಟಿಯ ಕಲ್ಲುಹಾಸು ಬಂತು, ಕಾಮರಾಜ ರಸ್ತೆ ಮೆಟ್ರೋ ಕೆಲಸಕ್ಕೆ ವರ್ಷಗಟ್ಟಲೆ ಮುಚ್ಚಿತು. ಇವುಗಳಲ್ಲಿ ಯಾವುದು ಎಷ್ಟು ಗಿರಾಕಿಗಳನ್ನು ಕಿತ್ತುಕೊಂಡಿತು ಎಂದು ಬಿಡಿಸಿ ಹೇಳುವುದು ಕಷ್ಟ. ಮದುವೆ ಸೀಸನ್ನಿನ ಭಾನುವಾರ ಹೋದರೆ ಈಗಲೂ ಕಾಲಿಡಲು ಜಾಗವಿಲ್ಲ. ಬಟ್ಟೆಯನ್ನು ಮುಟ್ಟಿ, ಬೆಳಕಿಗೆ ಹಿಡಿದು, ಹೊಂದುವ ಲೇಸು ಹುಡುಕಿ, ಪಕ್ಕದ ಗಲ್ಲಿಯ ದರ್ಜಿಗೆ ಅಳತೆ ಕೊಡುವ ಕೆಲಸವನ್ನು ಯಾವ ಆ್ಯಪೂ ಇನ್ನೂ ಪೂರ್ತಿ ಕೊಂಡುಕೊಂಡಿಲ್ಲ.

ಈ ರಸ್ತೆಯಂಥ ಅಂಗಡಿಗಳನ್ನೇ ನಂಬಿ ಶುರುವಾದ ಕಂಪನಿಯೂ ಒಂದಿದೆ. 2015ರಲ್ಲಿ ವಿದಿತ್ ಆತ್ರೆ ಮತ್ತು ಸಂಜೀವ್ ಬರ್ನ್‌ವಾಲ್ ಬೆಂಗಳೂರಿನಲ್ಲಿ 'ಫ್ಯಾಷ್‌ನಿಯರ್' ಎಂದು ಹೆಸರಿಟ್ಟು, ಅಕ್ಕಪಕ್ಕದ ಬಟ್ಟೆ ಅಂಗಡಿಗಳ ಸರಕನ್ನು ಫೋನಿನಲ್ಲಿ ತೋರಿಸಿ ಮನೆಗೆ ತಲುಪಿಸಲು ಹೊರಟರು. ಅದು ಓಡಲಿಲ್ಲ. ಅಂಗಡಿಯವರು ವಾಟ್ಸ್ಯಾಪಿನಲ್ಲಿ ಸೀರೆ, ಕುರ್ತಿಗಳ ಫೋಟೊ ಕಳಿಸಿ ಮಾರುವುದನ್ನು ಕಂಡು ದಾರಿ ಬದಲಿಸಿದಾಗ ಹುಟ್ಟಿದ್ದು ಮೀಶೋ. ಮೀಶೋವನ್ನು ಯಾರು ಕೊಳ್ಳುತ್ತಾರೆ ಎನ್ನುವ ಪ್ರಶ್ನೆಗೆ ಉತ್ತರ ಬಂದದ್ದು 2025ರ ಡಿಸೆಂಬರಿನಲ್ಲಿ, ಮತ್ತು ಅದು ಯಾವ ಕಂಪನಿಯ ಹೆಸರೂ ಆಗಿರಲಿಲ್ಲ: ಷೇರುಪೇಟೆ. ಸ್ವಿಗ್ಗಿ 2024ರ ನವೆಂಬರಿನಲ್ಲಿ ಆ ದಾರಿ ಹಿಡಿದಿತ್ತು. ಫ್ಲಿಪ್‌ಕಾರ್ಟ್ ಕೂಡ ಸಿಂಗಪುರದಿಂದ ತನ್ನ ವಿಳಾಸವನ್ನು ಭಾರತಕ್ಕೆ ತರುವ ಕಾಗದಪತ್ರದಲ್ಲಿ 2025ರಲ್ಲಿ ತೊಡಗಿದ್ದು ಇದೇ ಉದ್ದೇಶದಿಂದ. ಹೂಡಿಕೆದಾರರಿಗೆ ಈಗ ಒಬ್ಬ ವಾಲ್‌ಮಾರ್ಟನ್ನು ಹುಡುಕುವ ಅಗತ್ಯ ಕಡಿಮೆ; ಡಿಮ್ಯಾಟ್ ಖಾತೆ ತೆರೆದ ಕೋಟಿಗಟ್ಟಲೆ ಜನ ಇದ್ದಾರೆ. 2025ರ ಆ ಡಿಸೆಂಬರಿನಲ್ಲಿ ಮೀಶೋದ ಒಂದು ಲಾಟ್ ಎಂದರೆ 135 ಷೇರು, 111 ರೂಪಾಯಿಯಂತೆ 14,985 ರೂಪಾಯಿ ಆಗಿತ್ತು. ಅರ್ಜಿ ಹಾಕಲು ಡಿಮ್ಯಾಟ್ ಖಾತೆಯ ಜೊತೆ ಫೋನಿನಲ್ಲಿ ಯುಪಿಐ ಇದ್ದರೆ ಸಾಕಿತ್ತು, ಬೋಣಿಯಾಗುವ ಮೊದಲೇ ಗಲ್ಲಾದ ಮುಂದೆ ಕೂತು ಮುಗಿಸಬಹುದಿತ್ತು.